ಅಲೆಕ್ ಗಿನ್ನೆಸ್: ಬಣ್ಣ ಕಳಚಿದರೂ ಗುರುತು ಸಿಗದ ನಟ

ಇರುಳುದೀಪ

ಎಲ್ಲರಿಗೂ ನಮಸ್ಕಾರ. ಹೋದ ವಾರ ಜ್ವರ ಬಂದು ನಾಲ್ಕು ದಿನ ಮಲಗಿಬಿಟ್ಟಿದ್ದೆ. ಓದೋಕೆ ಕಣ್ಣು ಉರಿ, ಫೋನ್ ನೋಡಿದರೆ ತಲೆನೋವು. ಅಣ್ಣನ ಹಳೇ ಡಿವಿಡಿ ಡಬ್ಬ ಕೆದಕಿದಾಗ 1979ರ ಬಿಬಿಸಿ ಧಾರಾವಾಹಿ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' ಸಿಕ್ಕಿತು. ಏಳೂ ಕಂತು ನೋಡಿ ಮುಗಿಸಿದೆ.

ಕಥೆಯ ಎಳೆಗಳು ಒಂದೇ ಸಲಕ್ಕೆ ಕೈಗೆ ಸಿಗಲಿಲ್ಲ, ನಿಜ. ಆದರೆ ಆ ಜಾರ್ಜ್ ಸ್ಮೈಲಿಯ ಮುಖದಿಂದ ಕಣ್ಣು ಕೀಳೋಕೆ ಆಗಲಿಲ್ಲ. ಕೆಲಸದಿಂದ ತೆಗೆದುಹಾಕಿಸಿಕೊಂಡ ಗೂಢಚಾರ. ಎದುರಿಗಿರುವವನು ಮಾತಾಡುತ್ತಲೇ ಇರುತ್ತಾನೆ, ಈತ ಕೇಳಿಸಿಕೊಳ್ಳುತ್ತಾನೆ. ಕನ್ನಡಕ ತೆಗೆದು ಒರೆಸುತ್ತಾನೆ. ಮತ್ತೆ ಹಾಕಿಕೊಂಡು ನೋಡುತ್ತಾನೆ. ಅಷ್ಟೇ. ಆ ನೋಟಕ್ಕೆ ಎದುರಿನವನು ಇನ್ನೊಂದಿಷ್ಟು ಬಾಯಿಬಿಡುತ್ತಾನೆ.

ಈತನೇ ಅಲೆಕ್ ಗಿನ್ನೆಸ್ ಅಂತ ತಿಳಿದಾಗ ಎದ್ದು ಕೂತೆ. ಐದನೇ ಕ್ಲಾಸಿನಲ್ಲಿ ನನ್ನ ದೇವರಾಗಿದ್ದ 'ಸ್ಟಾರ್ ವಾರ್ಸ್'ನ ಓಬಿ-ವಾನ್ ಕೆನೋಬಿ ಈತ. ಅಪ್ಪ ಬಾಯ್ತುಂಬ ಹೊಗಳುತ್ತಿದ್ದ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಚಿತ್ರದ ಕರ್ನಲ್ ನಿಕಲ್ಸನ್ ಕೂಡ ಈತನೇ. ಮೂವರನ್ನೂ ನೋಡಿದ್ದೆ, ಮೂವರೂ ಒಬ್ಬನೇ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ತಿಳಿದವರು ಹೇಳಿ. ಇದು ಹೇಗೆ ಸಾಧ್ಯ? ಈ ಮನುಷ್ಯನ ಚಿತ್ರಗಳನ್ನು ಎಲ್ಲಿಂದ ಶುರುಮಾಡಲಿ?

ಹಳೇರೀಲು_57

ಇರುಳುದೀಪ ಅವರೇ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಲವತ್ತು ವರ್ಷದಿಂದ ನಾನು ಈ ನಟನ ಹಿಂದೆ ಬಿದ್ದಿದ್ದೇನೆ.

ಮೊದಲು ಹುಟ್ಟಿನ ವಿಷಯ. ಗಿನ್ನೆಸ್ ಹುಟ್ಟಿದ್ದು 1914ರ ಏಪ್ರಿಲ್ 2ರಂದು, ಲಂಡನ್ನಿನಲ್ಲಿ. ಜನನ ಪತ್ರದಲ್ಲಿ ತಾಯಿಯ ಹೆಸರಿತ್ತು, ತಂದೆಯ ಕಾಲಂ ಖಾಲಿ. ತನ್ನ ತಂದೆ ಯಾರೆಂಬುದು ಆತನಿಗೆ ಕೊನೆಯವರೆಗೂ ಖಚಿತವಾಗಲಿಲ್ಲ. ಬಡತನ, ಪದೇ ಪದೇ ಮನೆ ಬದಲಾವಣೆ. ಶಾಲೆ ಮುಗಿಸಿ ಜಾಹೀರಾತು ಕಂಪನಿಯೊಂದರಲ್ಲಿ ಬರೆಯುವ ಕೆಲಸಕ್ಕೆ ಸೇರಿಕೊಂಡ. ಅಲ್ಲಿಂದ ನಾಟಕಕ್ಕೆ. 1934ರಲ್ಲಿ ಹೆಸರಾಂತ ರಂಗನಟ ಜಾನ್ ಗೀಲ್‌ಗುಡ್ ತನ್ನ 'ಹ್ಯಾಮ್ಲೆಟ್'ನಲ್ಲಿ ಆಸ್ರಿಕ್‌ನ ಸಣ್ಣ ಪಾತ್ರ ಕೊಟ್ಟು ಕೈಹಿಡಿದ. ಯುದ್ಧ ಬಂದಾಗ ನೌಕಾಪಡೆ ಸೇರಿದ, 1943ರಲ್ಲಿ ಸಿಸಿಲಿಯ ದಾಳಿಯಲ್ಲಿ ಸೈನಿಕರನ್ನು ದಡಕ್ಕೆ ಇಳಿಸುವ ದೋಣಿಯೊಂದರ ಮುಖ್ಯಸ್ಥನಾಗಿದ್ದ. ಯುದ್ಧ ಮುಗಿದ ಮೇಲೆ ನಿರ್ದೇಶಕ ಡೇವಿಡ್ ಲೀನ್ 1946ರ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್'ಗೆ ಕರೆದ.

ಎಲ್ಲಿಂದ ಶುರು ಅಂತ ಕೇಳಿದಿರಲ್ಲ, 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' ನೋಡಿ. ಈಲಿಂಗ್ ಸ್ಟುಡಿಯೋದ ಚಿತ್ರ, ನಿರ್ದೇಶಕ ರಾಬರ್ಟ್ ಹ್ಯಾಮರ್. ಡ್ಯೂಕ್ ಪಟ್ಟಕ್ಕೆ ಅಡ್ಡವಾಗಿರುವ ಡ್ಯಾಸ್ಕಾಯ್ನ್ ವಂಶದವರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುವವನ ಕಥೆ. ಆ ವಂಶದ ಎಂಟು ಜನವೂ ಗಿನ್ನೆಸ್ಸೇ! ಮೊದಲು ನಾಲ್ಕು ಪಾತ್ರ ಕೊಡುತ್ತೇವೆ ಅಂದಿದ್ದರು. ನಾಲ್ಕೇ ಯಾಕೆ, ಎಂಟೂ ಕೊಡಿ ಅಂದವನು ಈತ. ಪಾದ್ರಿ, ಜನರಲ್, ಅಡ್ಮಿರಲ್, ಬ್ಯಾಂಕಿನ ಯಜಮಾನ, ಫೋಟೋ ಹುಚ್ಚಿನ ಹುಡುಗ, ಹೆಣ್ಣುಮಕ್ಕಳ ಮತದ ಹಕ್ಕಿಗೆ ಹೋರಾಡುವ ಲೇಡಿ ಅಗಾಥಾ ಕೂಡ. ಆಗ ಆತನಿಗೆ ಮೂವತ್ತೈದರ ಆಸುಪಾಸು.

ಚರ್ಚಿನ ಒಂದು ದೃಶ್ಯದಲ್ಲಿ ಆರು ಜನ ಡ್ಯಾಸ್ಕಾಯ್ನರು ಒಂದೇ ಫ್ರೇಮಿನಲ್ಲಿ ಕೂತಿದ್ದಾರೆ. ಆಗ ಕಂಪ್ಯೂಟರ್ ಎಲ್ಲಿತ್ತು? ಛಾಯಾಗ್ರಾಹಕ ಡಗ್ಲಾಸ್ ಸ್ಲೋಕೊಂಬ್ ಕ್ಯಾಮೆರಾವನ್ನು ಅಲ್ಲಾಡದ ಹಾಗೆ ಬಿಗಿದು ನಿಲ್ಲಿಸಿದ. ಲೆನ್ಸಿನ ಮುಂದೆ ಕಪ್ಪು ಪರದೆ ಇಟ್ಟು, ಒಬ್ಬ ಗಿನ್ನೆಸ್ ಕೂರುವ ಜಾಗ ಮಾತ್ರ ತೆರೆದು ಚಿತ್ರೀಕರಿಸುವುದು, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತುವುದು, ಮೇಕಪ್ ಬದಲಿಸಿ ಬಂದ ಗಿನ್ನೆಸ್‌ನನ್ನು ಪಕ್ಕದ ಜಾಗದಲ್ಲಿ ಕೂರಿಸಿ ಮತ್ತೆ ಚಿತ್ರೀಕರಿಸುವುದು. ಹೀಗೆ ಎರಡು ದಿನ. ರಾತ್ರಿ ಯಾರಾದರೂ ಕ್ಯಾಮೆರಾ ಮುಟ್ಟಿಬಿಟ್ಟಾರು ಅಂತ ಸ್ಲೋಕೊಂಬ್ ಅದರ ಪಕ್ಕದಲ್ಲೇ ಮಲಗಿದ್ದನಂತೆ. ಒಂದು ಕೂದಲೆಳೆ ಅಲುಗಿದ್ದರೂ ಆರೂ ಜನ ಕೆಡುತ್ತಿದ್ದರು.

ಚೌಕಿಮನೆ

ಹಳೇರೀಲು ಅವರೇ, ಒಳ್ಳೆ ಚಿತ್ರವನ್ನೇ ಎತ್ತಿಕೊಂಡಿರಿ. ಅದೇ ಚಿತ್ರದ ಅಡ್ಮಿರಲ್‌ನ ಸಂಗತಿ ಬಿಟ್ಟುಹೋಯಿತು. ಮುಳುಗುವ ಹಡಗಿನ ಮೇಲೆ ಸೆಲ್ಯೂಟ್ ಹೊಡೆಯುತ್ತಾ ನೆಟ್ಟಗೆ ನಿಂತೇ ಅಡ್ಮಿರಲ್ ನೀರೊಳಗೆ ಹೋಗಬೇಕು, ಟೋಪಿ ಮಾತ್ರ ಮೇಲೆ ತೇಲಬೇಕು. ಅದಕ್ಕೆ ಗಿನ್ನೆಸ್‌ನ ಕಾಲನ್ನು ತಂತಿಯಿಂದ ಕಟ್ಟಿದ್ದರು. ಯೋಗ ಕಲಿತಿದ್ದರಿಂದ ಉಸಿರು ಹಿಡಿಯುವ ಅಭ್ಯಾಸ ಆತನಿಗಿತ್ತು. ಶಾಟ್ ಮುಗಿದ ಮೇಲೆ ತಂತಿ ಬಿಚ್ಚುವುದನ್ನೇ ಮರೆತರು! ನೆನಪಾಗಿ ಬಿಚ್ಚುವಾಗ ನಾಲ್ಕು ನಿಮಿಷ ಆಗಿತ್ತಂತೆ.

ನಾನು ಚಿಕ್ಕಂದಿನಿಂದ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಬೆಳೆದವ. ನಮ್ಮ ದೊಡ್ಡಪ್ಪ ಬಣ್ಣದ ವೇಷ ಮಾಡುತ್ತಿದ್ದರು. ಕನ್ನಡಿ ಎದುರು ಕೂತು ಬಣ್ಣ ಬರೆದುಕೊಳ್ಳಲು ಎರಡು ಮೂರು ಗಂಟೆ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಬಣ್ಣ ಪೂರ್ತಿ ಆದ ಮೇಲೂ ಅಲ್ಲಿ ಕೂತಿದ್ದವರು ದೊಡ್ಡಪ್ಪನೇ. ಚಹಾ ಕುಡಿಯುತ್ತಿದ್ದರು, "ಮಾಣಿ, ಆ ಚೌರಿ ತೆಗೆದುಕೊಡು" ಅನ್ನುತ್ತಿದ್ದರು. ಎದ್ದು ಗೆಜ್ಜೆ ಕಟ್ಟಿ ಎರಡು ಹೆಜ್ಜೆ ಇಟ್ಟರು ನೋಡಿ, ಆಗ ನನಗೆ ಹೆದರಿಕೆ ಆಗುತ್ತಿತ್ತು. ಹತ್ತಿರ ಹೋಗುತ್ತಿರಲಿಲ್ಲ.

ಗಿನ್ನೆಸ್ ಚಿತ್ರಗಳನ್ನು ನೋಡುವಾಗೆಲ್ಲ ಅದೇ ನೆನಪಾಗುವುದು. ಆ ಎಂಟು ಜನರ ಮೀಸೆ, ವಿಗ್ಗು ಬಿಟ್ಟುಬಿಡಿ. ಪಾದ್ರಿ ಹೇಗೆ ನಡೆಯುತ್ತಾನೆ, ಜನರಲ್ ಕುರ್ಚಿಯಲ್ಲಿ ಹೇಗೆ ಕೂರುತ್ತಾನೆ ಅಂತ ಮಾತ್ರ ನೋಡಿ. ಶಬ್ದ ಬಂದ್ ಮಾಡಿ ನೋಡಿದರೂ ಯಾರು ಯಾರು ಅಂತ ಗೊತ್ತಾಗುತ್ತದೆ. ಪಾತ್ರದ ನಡಿಗೆ ಸಿಕ್ಕಿದ ಮೇಲೆಯೇ ಆತನಿಗೆ ಪಾತ್ರ ಸಿಗುತ್ತಿದ್ದದ್ದು.

ಇರುಳುದೀಪ

ಚೌಕಿಮನೆ ಸರ್, ನೀವು ಹೇಳಿದ ಹಾಗೆ ಶಬ್ದ ಬಂದ್ ಮಾಡಿ ಸ್ಮೈಲಿಯ ಎರಡನೇ ಕಂತು ಮತ್ತೆ ನೋಡಿದೆ. ಹೌದು, ಆತ ನಡೆಯುವಾಗ ಯಾರ ಕಣ್ಣಿಗೂ ಬೀಳದ ಹಾಗೆ ನಡೆಯುತ್ತಾನೆ. ಕೊಡೆ, ಓವರ್‌ಕೋಟು, ಸಣ್ಣ ಸಣ್ಣ ಹೆಜ್ಜೆ. ಕ್ವಾಯ್‌ನ ಕರ್ನಲ್ ನಡಿಗೆ ಇದಕ್ಕೆ ಪೂರಾ ಉಲ್ಟಾ.

ರಂಗದಹಿಂದೆ

ಈ ಚರ್ಚೆ ನಡಿಗೆಯ ಕಡೆ ತಿರುಗಿದ್ದರಿಂದ ನಾನೂ ಬಾಯಿ ಹಾಕುತ್ತೇನೆ. ಇಪ್ಪತ್ತೆರಡು ವರ್ಷದಿಂದ ಹವ್ಯಾಸಿ ತಂಡವೊಂದರಲ್ಲಿ ಹೊಸ ಹುಡುಗ ಹುಡುಗಿಯರಿಗೆ ತಾಲೀಮು ಮಾಡಿಸುತ್ತಿದ್ದೇನೆ. ಪ್ರತಿ ವರ್ಷ ಅವರಿಗೆ ತೋರಿಸುವ ಒಂದು ತುಣುಕು ಇದೆ.

'ಕ್ವಾಯ್' ಚಿತ್ರದಲ್ಲಿ ಯುದ್ಧಕೈದಿಗಳ ಶಿಬಿರದ ಜಪಾನಿ ಕಮಾಂಡರ್ ಸೈಟೊ, ಸೆರೆಸಿಕ್ಕ ಬ್ರಿಟಿಷ್ ಕರ್ನಲ್ ನಿಕಲ್ಸನ್‌ನನ್ನು ತಗಡಿನ ಗೂಡಿನಲ್ಲಿ ಹಾಕಿ ಸುಡುಬಿಸಿಲಿಗೆ ಬಿಡುತ್ತಾನೆ. ಅಧಿಕಾರಿಗಳು ಕೂಲಿ ಕೆಲಸ ಮಾಡುವುದಿಲ್ಲ ಅಂತ ನಿಕಲ್ಸನ್ ಹಠ ಹಿಡಿದಿದ್ದಾನೆ. ಎಷ್ಟೋ ದಿನದ ಮೇಲೆ ಬಾಗಿಲು ತೆಗೆದು ಸೈಟೊನ ಬಿಡಾರಕ್ಕೆ ಕರೆತರುತ್ತಾರೆ. ಗೂಡಿನಿಂದ ಬಿಡಾರದವರೆಗೆ ಮೈದಾನ ದಾಟಬೇಕು. ಕಾಲು ಸ್ವಾಧೀನದಲ್ಲಿಲ್ಲ. ಮೊಣಕಾಲು ಮಡಚಲು ಬರುತ್ತಿಲ್ಲ, ಪಾದ ಎಲ್ಲೋ ಬೀಳುತ್ತದೆ. ಆದರೆ ಸೊಂಟದಿಂದ ಮೇಲೆ ಆತ ಪರೇಡಿನಲ್ಲಿದ್ದಾನೆ. ಬೆನ್ನು ನೆಟ್ಟಗೆ, ಗದ್ದ ಮೇಲೆ. ಮೈ ಎರಡು ಹೋಳಾಗಿದೆ: ಕೆಳಗಿನದು ಸೋತಿದೆ, ಮೇಲಿನದು ಸೋಲು ಒಪ್ಪುತ್ತಿಲ್ಲ. ಮಾತೇ ಇಲ್ಲದ ಆ ಕೆಲವು ಗಜಗಳಲ್ಲಿ ಇಡೀ ಪಾತ್ರ ಇದೆ.

ಆ ನಡಿಗೆ ಎಲ್ಲಿಂದ ಬಂತು ಗೊತ್ತಾ? ಗಿನ್ನೆಸ್‌ನ ಒಬ್ಬನೇ ಮಗ ಮ್ಯಾಥ್ಯೂ. 1940ರಲ್ಲಿ ಹುಟ್ಟಿದವನು. ಹನ್ನೊಂದನೇ ವಯಸ್ಸಿಗೆ ಪೋಲಿಯೋ ತಗುಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಆ ದಿನಗಳಲ್ಲಿ ಅಪ್ಪ ಶೂಟಿಂಗ್ ಮುಗಿಸಿಕೊಂಡು ಬರುವಾಗ ದಾರಿಯ ಚರ್ಚಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದ. ಮಗ ಚೇತರಿಸಿಕೊಂಡ, ಮತ್ತೆ ನಡೆಯಲು ಕಲಿತ. ಬಿದ್ದು ಎದ್ದು ಹೆಜ್ಜೆ ಇಡುವ ಆ ಮಗುವನ್ನು ನೋಡುತ್ತಾ ನಿಂತಿದ್ದ ತಂದೆ, ಕೆಲವು ವರ್ಷಗಳ ಮೇಲೆ ಸಿಲೋನಿನ ಬಿಸಿಲಿನಲ್ಲಿ ಅದೇ ಹೆಜ್ಜೆಗಳನ್ನು ನಿಕಲ್ಸನ್‌ಗೆ ಕೊಟ್ಟ. ತನ್ನ ಇಡೀ ವೃತ್ತಿಯಲ್ಲಿ ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಅದೂ ಒಂದು ಅಂತ ಅವನಿಗೇ ಅನ್ನಿಸಿತ್ತು.

ಇದನ್ನು ಹೇಳಿ ತುಣುಕನ್ನು ಎರಡನೇ ಸಲ ಹಾಕಿದಾಗ ತಾಲೀಮು ಕೋಣೆ ಗಪ್‌ಚಿಪ್ ಆಗುತ್ತದೆ. ಒಂದು ವರ್ಷ ಒಬ್ಬ ಹುಡುಗಿ ಎದ್ದು ಹೊರಗೆ ಹೋಗಿಬಿಟ್ಟಳು. ಅವಳ ತಮ್ಮನಿಗೂ ಪೋಲಿಯೋ ಆಗಿತ್ತು ಅಂತ ಆಮೇಲೆ ತಿಳಿಯಿತು.

ಆ ಪಾತ್ರಕ್ಕೆ ಆಸ್ಕರ್ ಬಂತು, ಅದು ಎಲ್ಲರಿಗೂ ಗೊತ್ತು. ಆದರೆ ಲೀನ್ ಜೊತೆ ಆ ಸೆಟ್ಟಿನಲ್ಲಿ ದಿನಾ ಜಟಾಪಟಿ. ನಿಕಲ್ಸನ್‌ನಲ್ಲಿ ಸ್ವಲ್ಪ ಹಾಸ್ಯ ಇರಲಿ, ಇಲ್ಲದಿದ್ದರೆ ಆತ ಬರೀ ಬೋರು ಅಂತ ಗಿನ್ನೆಸ್. ಬೇಡ ಅಂತ ಲೀನ್. ಅವರಿಬ್ಬರದೂ ಜಗಳವಾಡುತ್ತಲೇ ಆರು ಚಿತ್ರ ಮಾಡಿದ ಸಂಬಂಧ.

ಸ್ಮೈಲಿಯ ನಡಿಗೆಗೂ ಒಂದು ಕಥೆ ಇದೆ. ಧಾರಾವಾಹಿಗೆ ಒಪ್ಪಿಕೊಂಡಾಗ ಗಿನ್ನೆಸ್ ಕಾದಂಬರಿಕಾರ ಜಾನ್ ಲೆ ಕಾರೆಯನ್ನು ಕೇಳಿಕೊಂಡ, ನಿಜವಾದ ಗೂಢಚಾರ ಒಬ್ಬನನ್ನು ತೋರಿಸು ಅಂತ. ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮುಖ್ಯಸ್ಥನಾಗಿ ನಿವೃತ್ತನಾಗಿದ್ದ ಮಾರಿಸ್ ಓಲ್ಡ್‌ಫೀಲ್ಡ್ ಊಟಕ್ಕೆ ಬಂದ. ಊಟದುದ್ದಕ್ಕೂ ಗಿನ್ನೆಸ್ ನೋಡುತ್ತಿದ್ದದ್ದು ಆತನ ಕಫ್‌ಲಿಂಕ್, ಬೂಟು, ಗ್ಲಾಸಿನ ಅಂಚಿನ ಮೇಲೆ ಬೆರಳಾಡಿಸುವ ರೀತಿ. ಓಲ್ಡ್‌ಫೀಲ್ಡ್ ಹೊರಟ ಕೂಡಲೇ ಈತ ಎದ್ದು ಹೋಗಿ ಆತ ಕೊಡೆ ಹಿಡಿದು ಬೀದಿಯಲ್ಲಿ ನಡೆದುಹೋಗುವುದನ್ನು ಕಣ್ಣಿಂದ ಮರೆಯಾಗುವವರೆಗೂ ನೋಡಿದ. ಲೆ ಕಾರೆಯೇ ಹೇಳಿರುವ ಮಾತು ಇದು.

ಮಗ್ಗದಮನಿ

ನಮಸ್ಕಾರ್ರಿ. ಎಲ್ಲಾರೂ ದೊಡ್ಡ ದೊಡ್ಡ ಚಿತ್ರದ ಹೆಸರು ಹೇಳಾಕತ್ತೀರಿ, ಯಾರೂ 'ದಿ ಮ್ಯಾನ್ ಇನ್ ದಿ ವೈಟ್ ಸೂಟ್' ಹೆಸರು ಎತ್ತಲಿಲ್ಲ. 1951ರ ಚಿತ್ರ, ಅಲೆಕ್ಸಾಂಡರ್ ಮೆಕೆಂಡ್ರಿಕ್ ನಿರ್ದೇಶನ. ನನ್ನ ಪಾಲಿಗೆ ಗಿನ್ನೆಸ್ ಅಂದ್ರ ಅದ.

ಗಿರಣಿ ಲ್ಯಾಬಿನ್ಯಾಗ ಸಿಡ್ನಿ ಸ್ಟ್ರಾಟನ್ ಅನ್ನೋ ಹುಡುಗ ಒಂದು ನೂಲು ಕಂಡುಹಿಡೀತಾನ. ಹರಿಯೂದಿಲ್ಲ, ಕೊಳಿ ಆಗೂದಿಲ್ಲ. ಬಣ್ಣಾನೂ ಹತ್ತಂಗಿಲ್ಲ ಅದಕ್ಕ, ಅದಕ್ಕ ಸೂಟು ಬೆಳ್ಳಗ ಹೊಳೀತೈತಿ. ಜಗತ್ತಿಗೆ ಉಪಕಾರ ಮಾಡೇನಿ ಅಂತ ಅವಗ ಖುಷಿಯೋ ಖುಷಿ. ಆದ್ರ ಬಟ್ಟಿ ಹರೀಲೇ ಇಲ್ಲ ಅಂದ್ರ ಗಿರಣಿ ನಡೆಯೂದು ಹೆಂಗ? ಮಾಲಕರೂ ಬೆನ್ನು ಹತ್ತತಾರ, ಕಾರ್ಮಿಕರೂ ಬೆನ್ನು ಹತ್ತತಾರ. ರಾತ್ರಿ ಓಣ್ಯಾಗ ಬಿಳಿ ಸೂಟು ಹೊಳಿಯೂದರಿಂದ ಅಡಗಿಕೊಳ್ಳಾಕೂ ಆಗೂದಿಲ್ಲ.

ಓಡೂ ಮುಂದ ಅವಗ ಬಟ್ಟಿ ಒಗಿಯೂ ಮುದುಕಿ ಎದುರಾಗತಾಳ. ಅವನು ಮೊದಲ ಇದ್ದ ಮನಿಯವಳು. ಬಟ್ಟಿ ಕೊಳಿನ ಆಗೂದಿಲ್ಲ ಅಂದ್ರ ನಾ ಒಗಿಯೂದು ಏನು, ನನ್ನ ಹೊಟ್ಟಿಪಾಡು ಏನು ಅಂತ ಕೇಳ್ತಾಳ. ಅಲ್ಲಿ ಗಿನ್ನೆಸ್ ಮಾರಿ ನೋಡ್ರಿ. ಇಡೀ ಚಿತ್ರದಾಗ ಕಣ್ಣಾಗ ಹೊಳಪು ಇಟ್ಟುಕೊಂಡು ಓಡ್ಯಾಡಿದ ಹುಡುಗ, ಮೊದಲನೇ ಸಲ ತಾ ಏನು ಮಾಡೇನಿ ಅಂತ ಅವಗ ತಿಳೀತೈತಿ. ಏನೂ ಮಾತಾಡೂದಿಲ್ಲ.

ನಮ್ಮದು ನೇಕಾರರ ಮನಿ. ಪವರ್‌ಲೂಮ್ ಬಂದ ಮ್ಯಾಲ ನಮ್ಮ ಅಜ್ಜ ಕೈಮಗ್ಗ ಬಿಚ್ಚಿಟ್ಟು ಒಂದು ವರ್ಷ ಸುಮ್ಮನ ಕಟ್ಟಿ ಮ್ಯಾಲ ಕೂತಿದ್ರು. ಆ ಮುದುಕಿ ಕೇಳಿದ್ದನ್ನ ಅವರೂ ಕೇಳ್ತಿದ್ರು. ಇಂಗ್ಲೆಂಡಿನ ಗಿರಣಿ ಊರಿನ ಚಿತ್ರ ನಮ್ಮ ಮನಿಯಾಗ ನಡದಂಗ ಅನಿಸಿ ನನಗ ಕಣ್ಣೀರು ಬಂತು. ಕಾಮಿಡಿ ಅಂತ ನೋಡಾಕ ಕೂತಿದ್ದೆ ಮತ್ತ.

ನೇರನುಡಿ

ಎಲ್ಲರ ಪ್ರೀತಿಯೂ ಅರ್ಥವಾಗುತ್ತದೆ. ಆದರೆ ಒಂದು ವಿಷಯವನ್ನು ಯಾರೂ ಮುಟ್ಟುತ್ತಿಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ.

'ಬಹುಮುಖ ನಟ' ಅಂತ ಗಿನ್ನೆಸ್‌ನನ್ನು ಕರೆಯುವಾಗ ಪಟ್ಟಿಯಲ್ಲಿ ಏನೇನಿದೆ ನೋಡಿ. 1948ರ 'ಆಲಿವರ್ ಟ್ವಿಸ್ಟ್'ನಲ್ಲಿ ದೊಡ್ಡ ಕೊಕ್ಕೆ ಮೂಗು ಅಂಟಿಸಿಕೊಂಡು ಮಾಡಿದ ಫೇಗಿನ್, ಮಕ್ಕಳಿಂದ ಕಳ್ಳತನ ಮಾಡಿಸುವ ಯಹೂದಿ ಮುದುಕ. 1961ರ 'ಎ ಮೆಜಾರಿಟಿ ಆಫ್ ಒನ್'ನಲ್ಲಿ ಜಪಾನಿ ವ್ಯಾಪಾರಿ. 1962ರ 'ಲಾರೆನ್ಸ್ ಆಫ್ ಅರೇಬಿಯಾ'ದಲ್ಲಿ ಅರಬ್ ರಾಜಕುಮಾರ ಫೈಸಲ್. 1984ರ 'ಎ ಪ್ಯಾಸೇಜ್ ಟು ಇಂಡಿಯಾ'ದಲ್ಲಿ ನಮ್ಮ ಬ್ರಾಹ್ಮಣ ಪ್ರೊಫೆಸರ್ ಗೋಡ್‌ಬೋಲೆ. ಬಿಳಿಯ ನಟನೊಬ್ಬ ಮುಖಕ್ಕೆ ಬಣ್ಣ ಬಳಿದುಕೊಂಡು ಯಾರ ಪಾತ್ರ ಬೇಕಾದರೂ ಮಾಡಬಹುದು, ಆ ಜನಾಂಗದ ನಟನಿಗೆ ಆ ಪಾತ್ರ ಸಿಗುವುದಿಲ್ಲ. ಗೋಡ್‌ಬೋಲೆ ಪಕ್ಕದಲ್ಲೇ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ, ರೋಶನ್ ಸೇಠ್ ನಟಿಸುತ್ತಿದ್ದಾರೆ. ಅಷ್ಟು ಒಳ್ಳೆಯ ಭಾರತೀಯ ನಟರು ಕಣ್ಣೆದುರೇ ಇರುವಾಗ ಗೋಡ್‌ಬೋಲೆಗೆ ಇಂಗ್ಲೆಂಡಿನಿಂದ ಯಾಕೆ ಬರಬೇಕಿತ್ತು?

ಫೇಗಿನ್ ವಿಷಯ ಇನ್ನೂ ನೋವಿನದು. ಯಹೂದಿಗಳ ನರಮೇಧ ನಿಂತು ಮೂರು ವರ್ಷ ಆಗಿತ್ತಷ್ಟೇ. 1949ರಲ್ಲಿ ಬರ್ಲಿನ್ನಿನಲ್ಲಿ ಆ ಚಿತ್ರ ಹಾಕಿದಾಗ, ಶಿಬಿರಗಳಿಂದ ಬದುಕಿ ಬಂದವರ ಊರಿನಲ್ಲಿ, ಪ್ರತಿಭಟನೆ ನಡೆಯಿತು. ಅಮೆರಿಕದಲ್ಲಿ 1951ರವರೆಗೂ ಬಿಡುಗಡೆ ಆಗಲಿಲ್ಲ, ಆದಾಗಲೂ ಕತ್ತರಿ ಹಾಕಿಯೇ ಆದದ್ದು. ನಾನು ಆತನ ಪ್ರತಿಭೆ ಅಲ್ಲಗಳೆಯುತ್ತಿಲ್ಲ. ಆದರೆ ಹೊಗಳುವಾಗ ಇದನ್ನು ಚಾಪೆ ಕೆಳಗೆ ತಳ್ಳಬಾರದು.

ಹಳೇರೀಲು_57

ನೇರನುಡಿ ಅವರೇ, ನೀವು ಹೇಳಿದ್ದು ಸರಿ. ನಾನೂ ಮೊದಲು ಫೇಗಿನ್‌ನನ್ನು ಹಾಡಿ ಹೊಗಳುತ್ತಿದ್ದವನೇ. ಲೀನ್‌ಗೆ ಆ ಪಾತ್ರ ಗಿನ್ನೆಸ್‌ಗೆ ಕೊಡಲು ಮನಸ್ಸಿರಲಿಲ್ಲ, ಮೇಕಪ್ ಹಾಕಿಕೊಂಡು ಬರುತ್ತೇನೆ, ಒಂದು ಸಲ ನೋಡಿ ಅಂತ ಟೆಸ್ಟ್ ಕೊಟ್ಟು ಗೆದ್ದ, ಆಗ ವಯಸ್ಸು ಮೂವತ್ಮೂರು ಅಂತೆಲ್ಲ ಹೇಳುತ್ತಿದ್ದೆ. ಕ್ರುಕ್‌ಶ್ಯಾಂಕ್ ಆ ಕಾದಂಬರಿಗೆ ಬರೆದ ಹಳೆಯ ಚಿತ್ರಗಳನ್ನು ನೋಡಿ ಆ ಮುಖ ಮಾಡಿದ್ದು ಸ್ಟುವರ್ಟ್ ಫ್ರೀಬೋರ್ನ್. ಅದೇ ಫ್ರೀಬೋರ್ನ್ ಮುಂದೆ 'ಸ್ಟಾರ್ ವಾರ್ಸ್'ಗೆ ಚ್ಯೂಬಾಕಾ, ಯೋಡಾ ಎಂಬ ವಿಚಿತ್ರ ಜೀವಿಗಳನ್ನು ಮಾಡಿದವನು.

ಆದರೆ ಬರ್ಲಿನ್ ಸಂಗತಿ ಓದಿದ ಮೇಲೆ ಆ ಚಿತ್ರವನ್ನು ಮೊದಲಿನ ಹಾಗೆ ನೋಡೋಕೆ ಆಗಿಲ್ಲ. ಕೆಲಸದ ನಯ ಕಾಣುತ್ತದೆ, ಆ ಮೂಗೂ ಕಾಣುತ್ತದೆ. ಎರಡನ್ನೂ ಒಟ್ಟಿಗೇ ನೋಡಬೇಕು.

ಮೂಗು, ಬಣ್ಣ ಏನೂ ಇಲ್ಲದೆ ಆತ ಏನು ಮಾಡಬಲ್ಲ ಅಂತ ನೋಡಬೇಕಿದ್ದರೆ 1960ರ 'ಟ್ಯೂನ್ಸ್ ಆಫ್ ಗ್ಲೋರಿ' ನೋಡಿ. ಕೆಂಪು ಕೂದಲಿನ, ಕುಡುಕ, ಗಟ್ಟಿ ಗಂಟಲಿನ ಸ್ಕಾಟಿಷ್ ಸೇನಾಧಿಕಾರಿ ಜಾಕ್ ಸಿಂಕ್ಲೇರ್. ಎದುರಿಗೆ ಜಾನ್ ಮಿಲ್ಸ್. ಸದ್ದಿಲ್ಲದ ಪಾತ್ರಗಳಿಗೆ ಹೆಸರಾದವನು ಅಲ್ಲಿ ಇಡೀ ಕೋಣೆಯನ್ನು ತನ್ನ ಗಂಟಲಿನಿಂದಲೇ ತುಂಬುತ್ತಾನೆ. ಕೊನೆಯಲ್ಲಿ ಆ ಗಂಟಲು ಒಡೆಯುತ್ತದೆ.

ಮಾಗಡಿಹುಡುಗ

ಗೋಡ್‌ಬೋಲೆ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ. 'ಪ್ಯಾಸೇಜ್ ಟು ಇಂಡಿಯಾ'ದ ಗುಹೆ ದೃಶ್ಯ ತೆಗೆದದ್ದು ನಮ್ಮ ಸಾವನದುರ್ಗದಲ್ಲಿ! ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟ. ಆದರೆ ಆ ಬೆಟ್ಟಗಳು ಲೀನ್‌ನ ಕಣ್ಣಿಗೆ ಹಿಡಿಸಲಿಲ್ಲ. ಸಾವನದುರ್ಗದ ಏಕಶಿಲೆ, ರಾಮದೇವರಬೆಟ್ಟದ ಬಂಡೆ ನೋಡಿ ಇಲ್ಲೇ ಮಾಡೋಣ ಅಂದ. ಕಥೆಯ ಊರು ಚಂದ್ರಾಪುರದ ಬಜಾರಿನ ಸೆಟ್ ಹಾಕಿದ್ದು ಬೆಂಗಳೂರು ಅರಮನೆ ಮೈದಾನದಲ್ಲಿ.

ನಮ್ಮಪ್ಪ ಆಗ ಹದಿನೇಳು ವರ್ಷದ ಹುಡುಗ. ಸಿನಿಮಾದೋರು ಆನೆ ತಂದವ್ರಂತೆ ಅಂತ ಸುದ್ದಿ ಕೇಳಿ ಸೈಕಲ್ ಹತ್ತಿ ಹೋಗಿದ್ದರಂತೆ. ಇಂಗ್ಲಿಷ್ ಮೇಡಂಗಳು ಆನೆ ಮೇಲೆ ಕೂತು ಬಂಡೆ ಕಡೆ ಬರೋದನ್ನು ದೂರದಿಂದ ನೋಡಿದ್ದಾರೆ. ಆ ದೊಡ್ಡ ನಟನೂ ಅಲ್ಲೇ ಇದ್ದಿರಬೇಕು ಅಂತ ಇವತ್ತಿಗೂ ಹೇಳುತ್ತಾರೆ.

ರಂಗದಹಿಂದೆ

ಮಾಗಡಿಹುಡುಗ, ನಿಮ್ಮ ತಂದೆಯವರ ನೆನಪು ಓದಿ ಸಂತೋಷವಾಯಿತು. ಒಂದು ಸಣ್ಣ ತಿದ್ದುಪಡಿ, ಬೇಸರ ಮಾಡಿಕೊಳ್ಳಬೇಡಿ. ಕಥೆಯಲ್ಲಿ ಗೋಡ್‌ಬೋಲೆ ಗುಹೆಗೆ ಹೋಗುವುದೇ ಇಲ್ಲ. ಆತನ ಪೂಜೆ ಮುಗಿಯುವುದು ತಡವಾಗಿ ಅವನಿಗೂ ಇಂಗ್ಲಿಷ್ ಪ್ರಿನ್ಸಿಪಾಲ್ ಫೀಲ್ಡಿಂಗ್‌ಗೂ ರೈಲು ತಪ್ಪುತ್ತದೆ. ಹಾಗಾಗಿ ಆನೆಯ ದೃಶ್ಯದಲ್ಲಿ ಗಿನ್ನೆಸ್‌ಗೆ ಪಾತ್ರವಿಲ್ಲ. ನಿಮ್ಮ ತಂದೆ ನೋಡಿದ ಮೇಡಂಗಳಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್ ಇದ್ದಿದ್ದರೆ, ಆಸ್ಕರ್ ಗೆದ್ದ ಪಾತ್ರವನ್ನೇ ಅವರು ಕಣ್ಣಾರೆ ನೋಡಿದ ಹಾಗೆ! ಶ್ರೀಮತಿ ಮೂರ್ ಪಾತ್ರಕ್ಕೆ ಆಕೆಗೆ ಪ್ರಶಸ್ತಿ ಬಂತು.

ನೇರನುಡಿಯವರ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ಗೋಡ್‌ಬೋಲೆಯನ್ನು ಭಾರತೀಯ ನಟನೇ ಮಾಡಬೇಕಿತ್ತು. ಆ ಪಾತ್ರ ಗಿನ್ನೆಸ್‌ಗೂ ಸುಖ ಕೊಡಲಿಲ್ಲ. ಕಷ್ಟಪಟ್ಟು ಕಲಿತು ಮಾಡಿದ ನೃತ್ಯವನ್ನು ಎಡಿಟಿಂಗ್‌ನಲ್ಲಿ ಬಹುಪಾಲು ತೆಗೆದುಹಾಕಿದರು. ಲೀನ್ ಜೊತೆಗಿನ ಹಳೆಯ ಸಂಬಂಧ ಅಲ್ಲಿಗೆ ಹಳಸಿತು. 1946ರಲ್ಲಿ ಶುರುವಾದ ಜೋಡಿ ಕೊನೆಗೊಂಡಿದ್ದು ನಮ್ಮ ಬೆಂಗಳೂರಿನ ಸುತ್ತಮುತ್ತ ತೆಗೆದ ಚಿತ್ರದಲ್ಲಿ. ಅದು ಲೀನ್‌ನ ಕೊನೆಯ ಚಿತ್ರವೂ ಆಯಿತು.

ಇರುಳುದೀಪ

'ಸ್ಟಾರ್ ವಾರ್ಸ್' ಬಗ್ಗೆ ಯಾರೂ ಹೇಳಲೇ ಇಲ್ಲ. ಗಿನ್ನೆಸ್‌ಗೆ ಆ ಚಿತ್ರ ಕಂಡರೆ ಆಗುತ್ತಿರಲಿಲ್ಲ ಅಂತ ಎಲ್ಲೋ ಓದಿ ಮನಸ್ಸಿಗೆ ಬಹಳ ಬೇಜಾರಾಯಿತು. ನಿಜವೇ?

ಹಳೇರೀಲು_57

ಪೂರ್ತಿ ಹಾಗಲ್ಲ. ಸಂಭಾಷಣೆ ಆತನಿಗೆ ಹಿಡಿಸಿರಲಿಲ್ಲ, ಶೂಟಿಂಗ್ ಸಮಯದ ಪತ್ರಗಳಲ್ಲಿ ಗೊಣಗಿದ್ದಾನೆ. ಆದರೆ ನಿರ್ದೇಶಕ ಜಾರ್ಜ್ ಲ್ಯೂಕಸ್‌ನ ಮೇಲೆ ಗೌರವವಿತ್ತು. ಲ್ಯೂಕಸ್‌ಗೆ ಬರುವ ಪಾಲಿನಲ್ಲಿ ಶೇ. 2.25ರಷ್ಟು ಆತನಿಗೆ ಸಿಕ್ಕಿತು, ಅದರಿಂದ ಜೀವನಪೂರ್ತಿ ಹಣದ ಚಿಂತೆ ಇರಲಿಲ್ಲ. ತಂದೆಯ ಹೆಸರೂ ಇಲ್ಲದೆ, ಬಾಡಿಗೆ ಕಟ್ಟಲಾಗದೆ ಮನೆ ಬದಲಿಸುತ್ತಾ ಬೆಳೆದವನಿಗೆ ಅದು ಸಣ್ಣ ಮಾತಲ್ಲ.

ಆತನನ್ನು ಕಂಗೆಡಿಸಿದ್ದು ಅಭಿಮಾನದ ಅತಿರೇಕ. ಆ ಚಿತ್ರವನ್ನು ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆ ಅಂತ ಒಬ್ಬ ಹುಡುಗ ಬಂದಾಗ, ಇನ್ನು ಮುಂದೆ ನೋಡಬೇಡ ಅಂತ ಮಾತು ತೆಗೆದುಕೊಳ್ಳಲು ಹೋದ, ಹುಡುಗ ಅತ್ತುಬಿಟ್ಟ. ಗಿನ್ನೆಸ್ ತಾನೇ ಬರೆದುಕೊಂಡ ಸಂಗತಿ ಇದು. ಆ ಹುಡುಗನ ಬಗ್ಗೆ ನನಗೆ ಕನಿಕರ.

ಆದರೆ ಇಷ್ಟವಿಲ್ಲದ ಮಾತನ್ನು ಆತ ಹೇಗೆ ಆಡಿದ್ದಾನೆ ನೋಡಿ. ನಮ್ಮಪ್ಪ ಹೇಗೆ ಸತ್ತರು ಅಂತ ಕಥಾನಾಯಕ ಲ್ಯೂಕ್ ಕೇಳುತ್ತಾನೆ. ಓಬಿ-ವಾನ್ ಕೂಡಲೇ ಉತ್ತರ ಕೊಡುವುದಿಲ್ಲ. ಕಣ್ಣು ಒಂದು ಕ್ಷಣ ಬೇರೆ ಕಡೆ ಹೋಗಿ ಬರುತ್ತದೆ, ಆಮೇಲೆ ಮಾತು. ಖಳನಾಯಕ ವೇಡರ್‌ನೇ ಲ್ಯೂಕ್‌ನ ತಂದೆ ಅನ್ನುವ ತಿರುವು ಆಗಿನ್ನೂ ಚಿತ್ರಕಥೆಯಲ್ಲಿ ಇರಲೇ ಇಲ್ಲ. ಎರಡನೇ ಚಿತ್ರ ನೋಡಿ ಬಂದು ಮತ್ತೆ ಮೊದಲನೆಯದನ್ನು ನೋಡಿದವರಿಗೆ ಆ ತಡೆ ಒಂದು ಸುಳ್ಳಿನ ಹಾಗೆ ಕಂಡಿತು. ಮುದುಕನೊಬ್ಬ ಹಳೆಯ ನೋವನ್ನು ನೆನೆದು ತಡೆದದ್ದು ಅದು. ಅಷ್ಟು ಸತ್ಯ ಇದ್ದುದರಿಂದಲೇ ಮುಂದಿನ ಕಥೆಯ ಭಾರವನ್ನೂ ಹೊತ್ತುಕೊಂಡಿತು.

ದೂರದೇಶಿ

ನಾನು ಹನ್ನೆರಡು ವರ್ಷದಿಂದ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕಡೆ ಇದ್ದೇನೆ. ಗಿನ್ನೆಸ್ ದಂಪತಿ ಬಾಳಿದ್ದು ಇಲ್ಲೇ ಪೀಟರ್ಸ್‌ಫೀಲ್ಡ್ ಪಕ್ಕದ ಸ್ಟೀಪ್ ಎಂಬ ಹಳ್ಳಿಯಲ್ಲಿ, ಮಣ್ಣಾದದ್ದೂ ಪೀಟರ್ಸ್‌ಫೀಲ್ಡಿನಲ್ಲೇ. 2000ದ ಆಗಸ್ಟ್ 5ರಂದು ಆತ ಹೋದ, ಎರಡೇ ತಿಂಗಳಿಗೆ ಹೆಂಡತಿ ಮೆರುಲಾ ಕೂಡ ಹೋದರು. ಅರವತ್ತೆರಡು ವರ್ಷದ ದಾಂಪತ್ಯ.

ವೇಷದ ಬಗ್ಗೆ ಇಷ್ಟು ಮಾತಾದಾಗ ಒಂದು ಹೇಳಬೇಕು. 1954ರಲ್ಲಿ ಆತ ಫಾದರ್ ಬ್ರೌನ್ ಎಂಬ ಪತ್ತೇದಾರಿ ಪಾದ್ರಿಯ ಪಾತ್ರ ಮಾಡಿದ. ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಶೂಟಿಂಗ್. ಬಿಡುವಿನಲ್ಲಿ ಪಾದ್ರಿಯ ನಿಲುವಂಗಿಯಲ್ಲೇ ಕತ್ತಲ ದಾರಿಯಲ್ಲಿ ನಡೆದು ಬರುತ್ತಿದ್ದಾಗ ಒಬ್ಬ ಪುಟ್ಟ ಹುಡುಗ ಓಡಿಬಂದು "ಫಾದರ್" ಅಂತ ಕೈ ಹಿಡಿದುಕೊಂಡ. ಈತನಿಗೆ ಫ್ರೆಂಚ್ ಅಷ್ಟಕ್ಕಷ್ಟೆ, ಬಾಯಿಬಿಟ್ಟರೆ ಹುಡುಗ ಹೆದರಿಯಾನು ಅಂತ ಸುಮ್ಮನೆ ನಡೆದ. ಹುಡುಗ ಕೈ ಬೀಸುತ್ತಾ, ಏನೇನೋ ಹರಟುತ್ತಾ ಜೊತೆಗೆ ನಡೆದು, ಬೇಲಿಯ ಸಂದಿಯೊಂದರಲ್ಲಿ ನುಸುಳಿ ಹೋದ. ಗುರುತಿಲ್ಲದ ಮನುಷ್ಯನ ಕೈಯನ್ನು ಬರೀ ಆ ಬಟ್ಟೆ ನೋಡಿ ಹಿಡಿದ ಮಗು. ಆ ನಡಿಗೆ ಆತನ ಮನಸ್ಸಿನಲ್ಲಿ ಉಳಿಯಿತು. 1956ರಲ್ಲಿ ಆತ ಕ್ಯಾಥೊಲಿಕ್ ಆದದ್ದಕ್ಕೆ ಮಗನ ಕಾಯಿಲೆಯ ಜೊತೆ ಇದನ್ನೂ ಆತ ನೆನೆದಿದ್ದಾನೆ.

ಮಗ್ಗದಮನಿ

ದೂರದೇಶಿ ಅವರ, ಇದು ನಮಗ ಯಾರಿಗೂ ಗೊತ್ತಿರಲಿಲ್ಲ. ಭಾಳ ಚಲೋ ಮಾಡಿದ್ರಿ ಹೇಳಿ.

ಇರುಳುದೀಪ

ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು 'ಕ್ವಾಯ್' ಮತ್ತೆ ನೋಡಿದೆ. ಗೂಡಿನಿಂದ ಹೊರಬರುವ ದೃಶ್ಯ ಬಂದಾಗ ಮ್ಯಾಥ್ಯೂ ವಿಷಯ ಹೇಳಿದೆ. ಅಪ್ಪ ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಹೋಗಿ ಮತ್ತೆ ಹಾಕಿದರು. ಏನೂ ಮಾತಾಡಲಿಲ್ಲ. ಭಾನುವಾರ 'ವೈಟ್ ಸೂಟ್', ಆಮೇಲೆ 'ಟ್ಯೂನ್ಸ್ ಆಫ್ ಗ್ಲೋರಿ' ಅಂತ ಇಬ್ಬರೂ ತೀರ್ಮಾನಿಸಿದ್ದೇವೆ. ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಮಾಗಡಿಹುಡುಗ

ನಾನೂ ನಮ್ಮಪ್ಪನ ಜೊತೆ 'ಪ್ಯಾಸೇಜ್ ಟು ಇಂಡಿಯಾ' ನೋಡಿದೆ. ನಲವತ್ತು ವರ್ಷ ಆದ ಮೇಲೆ ಅವರು ಆ ಚಿತ್ರ ನೋಡಿದ್ದು ಇದೇ ಮೊದಲು.

ಗೋಡ್‌ಬೋಲೆ ಯಾರು ಅಂತ ಬೇಕಂತಲೇ ಹೇಳಲಿಲ್ಲ. ಮೊದಲನೇ ದೃಶ್ಯದಲ್ಲಿ ಮೇಷ್ಟ್ರು ಕೂತಿದ್ದಾಗ ಅಪ್ಪನಿಗೆ ಅನುಮಾನ ಬರಲಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕಿದ್ದನ್ನು ನೋಡಿದವರೇ, "ಲೋ, ಇವನು ನಮ್ಮೋನಲ್ಲ ಕಣೋ" ಅಂದರು. ಹೆಂಗೆ ಗೊತ್ತಾಯ್ತು ಅಂದೆ. "ಕಾಲು ನೋಡು. ಬರಿಗಾಲಲ್ಲಿ ಬೆಳೆದೋನು ಹಂಗೆ ಹೆಜ್ಜೆ ಇಡಲ್ಲ. ಬೂಟಿನ ಕಾಲು ಅದು." ಚೌಕಿಮನೆ ಸರ್, ರಂಗದಹಿಂದೆ ಮೇಡಂ, ಇದನ್ನು ನಿಮಗೆ ಹೇಳಲೇಬೇಕು ಅನ್ನಿಸಿತು. ಎಲ್ಲ ಪಾತ್ರಕ್ಕೂ ನಡಿಗೆ ಹುಡುಕಿಕೊಂಡ ಮನುಷ್ಯನಿಗೆ ಈ ಒಂದು ಪಾತ್ರದ ನಡಿಗೆ ಸಿಗಲಿಲ್ಲ, ಅದನ್ನು ಹಿಡಿದವರು ಏಳನೇ ಕ್ಲಾಸು ಓದಿದ ನಮ್ಮಪ್ಪ.

ಆಮೇಲೆ ಶ್ರೀಮತಿ ಮೂರ್ ಹೊರಟ ರೈಲಿಗೆ ಗೋಡ್‌ಬೋಲೆ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಕೈಮುಗಿಯುವ ದೃಶ್ಯ ಬಂತು. ಅಲ್ಲಿ ನಡಿಗೆ ಇಲ್ಲ, ನಿಂತಿರುವುದಷ್ಟೇ. ಅಪ್ಪ ಸುಮ್ಮನೆ ನೋಡಿದರು. "ಇದನ್ನ ಚೆನ್ನಾಗಿ ಮಾಡವ್ನೆ" ಅಂದರು.

ಸಿನಿಮಾ ಮುಗಿದ ಮೇಲೆ ಆನೆ ಬರೋದನ್ನು ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಟಿವಿ ಹತ್ತಿರ ಹೋಗಿ ನಿಂತು, ಬಂಡೆಯ ಎಡಗಡೆ ಬುಡದಲ್ಲಿ ಬೆರಳಿಟ್ಟು, ಸೈಕಲ್ ಒರಗಿಸಿದ್ದು ಇಲ್ಲೇ ಎಲ್ಲೋ ಇರಬೇಕು ಅಂತ ಹುಡುಕುತ್ತಿದ್ದರು.